ಕೆಳಗಿನವರು

ಲೂನೆನ್‌ಬರ್ಗಿನ ಈ ಗುಡ್ಡದ ಮೇಲೆ
ಮನೆಗಳ ಬಣ್ಣ ನೋಡಿ ಜನ ಫೋಟೋ ತೆಗೆಯುತ್ತಾರೆ.
ನಾನು ನನ್ನ ಮನೆಯನ್ನು ನೋಡುವುದು ಮೊಣಕಾಲೂರಿ,
ಬಾಯಲ್ಲಿ ಟಾರ್ಚು ಕಚ್ಚಿಕೊಂಡು.

ನೆಲಮಾಳಿಗೆಗೆ ಒಂಬತ್ತು ಮೆಟ್ಟಿಲು.
ಆರನೆಯದರಲ್ಲೇ ವಾಸನೆ ಎದುರುಗೊಳ್ಳುತ್ತದೆ:
ನೆನೆದ ಕಾಲುಚೀಲ, ಮೊಳೆತ ಆಲೂಗಡ್ಡೆ,
ಯಾರೋ ಬಹಳ ಹೊತ್ತು ಹಿಡಿದಿಟ್ಟ ಉಸಿರು.

ಬಾಡಿಗೆ ಕೊಡದವರು ಬೇಕಾದಷ್ಟು ಇದ್ದಾರೆ.
ಕಲ್ಲಿನ ಸಂದಿಯಲ್ಲಿ ಸುಂಡಿಲಿಯ ಸಂಸಾರ,
ಪೆನ್ಸಿಲು ತೂರುವಷ್ಟಿದ್ದರೆ ಅದಕ್ಕದೇ ಹೆಬ್ಬಾಗಿಲು.
ಅಡಿತೊಲೆಯಲ್ಲಿ ಗೊದ್ದಗಳು.
ಅವು ಮರ ತಿನ್ನುವುದಿಲ್ಲವಂತೆ,
ಕೊರೆದು ಉಗುಳುತ್ತವೆ ಅಷ್ಟೆ.
ಬೆಳಗಾದರೆ ಕೆಳಗೆ ಹಿಟ್ಟಿನ ಸಣ್ಣ ಗುಡ್ಡೆ,
ರಾತ್ರಿಯೆಲ್ಲ ಯಾರೋ ಬೀಸುಕಲ್ಲು ತಿರುವಿದ ಹಾಗೆ.

ಹೋದ ವರ್ಷ ರೋಸಿಹೋಗಿ
ಹನ್ನೊಂದು ಮೂಟೆ ಸಿಮೆಂಟು ತರಿಸಿ
ಗೋಡೆಯ ಬಾಯಿ ಮುಚ್ಚಿದೆ.
ಈಗ ಮಾತಾಡು ನೋಡೋಣ, ಅಂದೆ.
ಚಳಿಗಾಲ ಪೂರ್ತಿ ಅದು ತುಟಿ ಬಿಚ್ಚಲಿಲ್ಲ.
ಮಾರ್ಚಿನಲ್ಲಿ ಹೊಟ್ಟೆ ಮುಂದಕ್ಕೆ ಬಂತು.
ಸಿಮೆಂಟು ಹಪ್ಪಳದಂತೆ ಎದ್ದು ನಿಂತಿತು,
ಅದರ ಹಿಂದೆ ಅಷ್ಟೂ ದಿನದ ನೀರು.

ಆಮೇಲೆ ಬಂದವಳು ಆರ್ಡಿತ್ ನಿಕಲ್,
ಎಪ್ಪತ್ತೊಂದರ ಗಾರೆ ಕೆಲಸದವಳು,
ಸೊಂಟಕ್ಕೆ ಪಟ್ಟಿ, ಕಿಸೆಯಲ್ಲಿ ಪೆಪ್ಪರಮಿಂಟು.
ಮೆಟ್ಟಿಲೇ ಇಳಿಯಲಿಲ್ಲ ಮಹರಾಯಿತಿ.
ಮಳೆ ಬರುವ ತನಕ ನನ್ನ ಚಹಾ ಕುಡಿದು,
ಬಂದ ಮೇಲೆ ಕೊಡೆಯಿಲ್ಲದೆ
ಮನೆಗೆ ಮೂರು ಸುತ್ತು ಹಾಕಿದಳು.
"ರೋಗ ಕೆಳಗಿಲ್ಲ, ಮೇಲಿದೆ" ಅಂದಳು.
ಸೂರಿನ ದೋಣಿ ತುಂಬ ಮೇಪಲ್ ಎಲೆ;
ಕೊಳವೆ ನೇರ ತಳಪಾಯದ ನೆತ್ತಿಗೇ
ಅಭಿಷೇಕ ಮಾಡುತ್ತಿತ್ತು.

"ಮತ್ತೆ ಇದು?" ಕೋಲಿನಿಂದ ಕೆದಕಿದಳು.
ಗೋಡೆಯ ಬುಡಕ್ಕೆ ಒತ್ತಿದ ಕಡಲಹುಲ್ಲು.
ಎಲ್ವುಡ್‌ನ ತಾತನ ಕಾಲದ ಪದ್ಧತಿ:
ಅಕ್ಟೋಬರಿನಲ್ಲಿ ತೀರದಿಂದ ಗಾಡಿಗಟ್ಟಲೆ ತಂದು
ಮನೆಗೆ ಸೊಂಟದವರೆಗೆ ಶಾಲು ಹೊದಿಸುವುದು,
ನೆಲದ ಗಾಳಿ ನುಗ್ಗದ ಹಾಗೆ.
ಮೇ ಬಂದರೆ ತೆಗೆದುಬಿಡಬೇಕು.
ನಾನು ತೆಗೆದಿರಲಿಲ್ಲ.
ಮೂರು ಮೇ.
ಕಡೆಯ ಸಲ ಹಾಕಿದ್ದು ಎಲ್ವುಡ್,
ಕೈಯಾರೆ, ಕೆಮ್ಮುತ್ತ ಕೆಮ್ಮುತ್ತ.

ಆರ್ಡಿತ್ ಏನೂ ಕೇಳಲಿಲ್ಲ.
ಕವೆಗೋಲು ತಂದು ನನ್ನ ಕೈಗೆ ಕೊಟ್ಟಳು.
ಹುಲ್ಲು ಚಾಪೆಯಂತೆ ಸುಲಿದು ಬಂತು.
ಅದರಡಿಯ ತೊಲೆ ಹಾಲಲ್ಲಿ ನೆನೆದ ಬ್ರೆಡ್ಡು,
ಬೆರಳಿಟ್ಟರೆ ಗೆಣ್ಣಿನವರೆಗೆ ಒಳಗೆ.
ಗೊದ್ದಗಳು ಬಿಳಿ ಮರಿ ಕಚ್ಚಿಕೊಂಡು
ದಿಕ್ಕಾಪಾಲು.
ಬೆಚ್ಚಗಿಟ್ಟಿದ್ದೆ, ಅಂದೆ. ಯಾರಿಗೆ ಅಂದೆನೋ.

ತೊಲೆ ಬದಲಾಯಿತು. ತೂತುಗಳಿಗೆ ತಾಮ್ರದ ನಾರು.
ಸಿಮೆಂಟು ಕಿತ್ತು, ಕಲ್ಲಿನ ನಡುವೆ ಸುಣ್ಣದ ಗಾರೆ.
"ಇದಕ್ಕೆ ಅದರ ಹಟವಿಲ್ಲ," ಅಂದಳು ಆರ್ಡಿತ್,
"ತೇವ ಬಂದರೆ ಕೂರಿಸುತ್ತದೆ, ಹೊರಟರೆ ತಡೆಯುವುದಿಲ್ಲ."
ಆದರೆ ಬೇಗ ಒಣಗಿದರೆ ಬಿರುಕಂತೆ.
ಹಾಗಾಗಿ ಏಳು ದಿನ ಒದ್ದೆ ಗೋಣಿ ಹೊದಿಸಿ
ನೀರು ಚಿಮುಕಿಸಬೇಕು.
ಪಸೆ ಬೇಡವೆಂದು ಇಷ್ಟು ಖರ್ಚು ಮಾಡಿದವಳು
ರಾತ್ರಿ ಎರಡಕ್ಕೆ ಎದ್ದು, ಅವನ ಕೋಟು ಹಾಕಿಕೊಂಡು,
ಗೋಡೆಗೆ ನೀರುಣಿಸುತ್ತಿದ್ದೆ.

ಏಳನೆಯ ರಾತ್ರಿ ಮಳೆ.
ಕೊಳವೆಗೆ ಜೋಡಿಸಿದ ಹೊಸ ತೋಳು, ಎಂಟಡಿ ಉದ್ದ;
ನೀರು ಇಳಿಜಾರು ಹಿಡಿದು ಬಂದರಿನ ಕಡೆ ಹೋಯಿತು,
ಯಾರ ಮೇಲೂ ಸಿಟ್ಟಿಲ್ಲದೆ.
ಆರನೆಯ ಮೆಟ್ಟಿಲಲ್ಲಿ ನಿಂತೆ. ಸುಣ್ಣದ ವಾಸನೆ.
ಗೋಡೆಯ ಬುಡದಲ್ಲಿ ಒಂದೇ ಒಂದು ಸುಂಡಿಲಿ
ತಾಮ್ರ ತುರುಕಿದ ತೂತನ್ನು ಮೂಸಿ,
ನನ್ನ ಕಡೆ ತಿರುಗಿ ನೋಡಿತು.
ಒಳಗೇ ಉಳಿದುಬಿಟ್ಟಿದೆ, ಪಾಪ.

ಬಾಗಿಲು ತೆರೆದೆ.
ಇಬ್ಬರೂ ಸ್ವಲ್ಪ ಹೊತ್ತು ಮಳೆ ನೋಡಿದೆವು.